ದಿನಕ್ಕೆ ಹದಿನಾರಾಣೆ: ಒಬ್ಬ ದಲಾಲಿಯ ಕ್ಯಾಲೊರಿ ಕಿರ್ದಿ

ಮಾಮಾ ಅಂದರೆ ನಮ್ಮ ಅವ್ವನ ಅಣ್ಣ. ವಯಸ್ಸು 52. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿ, ಮನೆ ನವನಗರದಲ್ಲಿ. ಹೆಸರು ಒಂದು ಬಿಟ್ಟು ಬಾಕಿ ಎಲ್ಲ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ನಾನು ಆಹಾರ ತಜ್ಞೆ ಅಲ್ಲ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಈ ಪ್ರಕರಣದಲ್ಲಿ ನಾನು ಮಾಡಿದ್ದು ಗುಣಾಕಾರ, ಭಾಗಾಕಾರ ಅಷ್ಟೇ.

ಸೆಪ್ಟೆಂಬರಿನಲ್ಲಿ, ಗಣಪತಿ ಕಳಿಸಿದ ಮರುವಾರ, ಮಾಮಾ ರಕ್ತ ಪರೀಕ್ಷೆ ಮಾಡಿಸಿದ್ದರು. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) 6.1 ಶೇಕಡಾ ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದೆ ಅಂತ ಲೆಕ್ಕ. ತೂಕ 84.2 ಕೆಜಿ, ಎತ್ತರ 168 ಸೆಂಟಿಮೀಟರ್, ಹೊಟ್ಟೆಯ ಸುತ್ತಳತೆ 101. ನಮ್ಮ ಕಡೆಯ ಗಂಡಸರಿಗೆ ಸುತ್ತಳತೆ 90 ದಾಟಿದರೇ ಎಚ್ಚರಿಕೆ ಗಂಟೆ. ಡಾಕ್ಟರು ಗುಳಿಗೆ ಬರೆಯಲಿಲ್ಲ. ಐದು ಕೆಜಿ ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಅಂದರು.

ಅವತ್ತು ರಾತ್ರಿ ಮಾಮಾ ಫೋನ್ ಮಾಡಿದರು. "ಏನವಾ, ನಾ ತಿನ್ನೋದರ ಎಷ್ಟೈತಿ? ಮಧ್ಯಾಹ್ನ ಎರಡ ರೊಟ್ಟಿ, ರಾತ್ರಿ ಒಂದ. ಇನ್ನ ಇದರಾಗ ಏನ್ ಇಳಸ್ಲಿ?"

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಅವರ ಮಗ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಒಂಬತ್ತು ದಿನ ನಡೆಯಿತು. ಜೋಳದ ರೊಟ್ಟಿ ಅಂತ ಹುಡುಕಿದರೆ ಒಂದು ಕಡೆ 70 ಕ್ಯಾಲೊರಿ, ಇನ್ನೊಂದು ಕಡೆ 110, ಮತ್ತೊಂದು ಕಡೆ 180. ಯಾವ ರೊಟ್ಟಿ, ಯಾರು ಬಡಿದದ್ದು, ಯಾರಿಗೆ ಗೊತ್ತು? ಝುಣಕ ಸಿಗಬೇಕಾದರೆ ಮರಾಠಿಯವರ ಹಾಗೆ ಬರೆಯಬೇಕು. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿ ಪುಡಿ, ಸಿಗಲೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಿಂಡಿ ಅಂತ ಹೊಡೆದರೆ ಅದು ಭಾಷೆ ಬದಲಿಸಲಾ ಅಂತ ಕೇಳಿತು. ಆಮೇಲೆ ತಾಟಿನ ಫೋಟೋ ತೆಗೆದರೆ ಕ್ಯಾಲೊರಿ ಹೇಳುವ ಇನ್ನೊಂದನ್ನು ನೋಡಿದೆವು. ಬದನೇಕಾಯಿ ಎಣ್ಣೆಗಾಯಿಗೆ ಎರಡು ಚಮಚ ಎಣ್ಣೆ ಬಿದ್ದಿದೆಯೋ ಐದು ಚಮಚವೋ ಅನ್ನುವುದು ಫೋಟೋದಲ್ಲಿ ಕಾಣುತ್ತದೆಯಾ? ಹತ್ತನೇ ದಿನ ಮಾಮಾ ಫೋನನ್ನು ಗಾದಿಯ ಮೇಲೆ ಉಲ್ಟಾ ಇಟ್ಟರು. "ಮೂವತ್ತು ವರ್ಷ ಕಿರ್ದಿ ಬರದೇನಿ. ಈ ಡಬ್ಬಿ ನನಗ ಲೆಕ್ಕ ಕಲಸ್ತೈತೇನು?"

ಅವರು ಸಿಟ್ಟಿನಲ್ಲಿ ಹೇಳಿದ್ದು ಅದು. ನನಗೆ ದಾರಿ ಕಂಡದ್ದು ಅಲ್ಲಿ.

ಮನೆಯಲ್ಲಿ ಇರುವುದೇ ಹದಿನೈದು ಪದಾರ್ಥ

ಆ್ಯಪ್‌ಗಳಲ್ಲಿ ಲಕ್ಷಾಂತರ ತಿನಿಸು ಇರಬಹುದು. ಮಾಮಾನ ಹೊಟ್ಟೆಗೆ ಹೋಗುವುದು ಎಷ್ಟು ಬಗೆ? ಒಂದು ಹಾಳೆಯಲ್ಲಿ ಬರೆಯಲು ಕೂತೆವು. ರೊಟ್ಟಿ, ಅನ್ನ, ಬೇಳೆ ಸಾರು, ಎರಡು ಮೂರು ಥರದ ಕಾಳು ಪಲ್ಯ, ಸೊಪ್ಪು, ಝುಣಕ, ಹಿಂಡಿ, ಮೊಸರು, ಅವಲಕ್ಕಿ, ಉಪ್ಪಿಟ್ಟು, ಚಹಾ, ಗಿರಮಿಟ್ಟು, ಮಿರ್ಚಿ. ಹದಿನೈದಕ್ಕೆ ಹಾಳೆ ನಿಂತಿತು. ಹಬ್ಬ ಹುಣ್ಣಿಮೆ ಬೇರೆ. ಇಷ್ಟನ್ನು ಒಂದು ಸಲ ಸರಿಯಾಗಿ ತೂಗಿ ಇಟ್ಟುಕೊಂಡರೆ ದಿನಾ ಹುಡುಕುವ ಕೆಲಸ ಎಲ್ಲಿ ಬರುತ್ತದೆ?

ಭಾನುವಾರ ಬೆಳಗ್ಗೆ ಚಿಗರಿ ಬಸ್ ಹಿಡಿದು ನವನಗರಕ್ಕೆ ಹೋದೆ. ಚೀಲದಲ್ಲಿ ಅಡಿಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ. ಅತ್ತೆ ರೊಟ್ಟಿಗೆ ಹಿಟ್ಟು ತೆಗೆಯುವ ಮೊದಲು ಡಬ್ಬಿ ತೂಗಿದೆ, ಹತ್ತು ರೊಟ್ಟಿ ಬಡಿದ ಮೇಲೆ ಮತ್ತೆ ತೂಗಿದೆ. ಹಚ್ಚಿಕೊಳ್ಳುವ ಹಿಟ್ಟೂ ಸೇರಿ 520 ಗ್ರಾಂ ಕಡಿಮೆಯಾಗಿತ್ತು. ರೊಟ್ಟಿಗೆ 52 ಗ್ರಾಂ. ಜೋಳದ ಹಿಟ್ಟು 100 ಗ್ರಾಂಗೆ ಸುಮಾರು 340 ಕ್ಯಾಲೊರಿ. ಹಾಗಾಗಿ ಅತ್ತೆಯ ಕೈಯ ಒಂದು ರೊಟ್ಟಿ 175ರ ಆಸುಪಾಸು. ಇಲ್ಲೊಂದು ಮಾತು: ತೂಗಬೇಕಾದ್ದು ಹಿಟ್ಟನ್ನು, ರೊಟ್ಟಿಯನ್ನಲ್ಲ. ಬೆಂದ ರೊಟ್ಟಿಯಲ್ಲಿ ನೀರಿನ ತೂಕವೂ ಇರುತ್ತದೆ. ನಾನೇ ಮೊದಲು ಹೆಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ತಕ್ಕಡಿಗೆ ಹಾಕಿ ತಪ್ಪು ಉತ್ತರ ಬರೆದಿದ್ದೆ. ಅನ್ನಕ್ಕೂ ಹಾಗೇ, ಅಕ್ಕಿ ಅಳೆಯುವುದು ಒಳ್ಳೆಯದು. ಆದರೆ ಅನ್ನದಲ್ಲಿ ಇಷ್ಟು ಸೂಕ್ಷ್ಮ ಬೇಡ ಅನಿಸಿತು, 100 ಗ್ರಾಂ ಅನ್ನಕ್ಕೆ 130 ಅಂತ ಹಿಡಿದೆವು.

ಎಣ್ಣೆಯದೇ ದೊಡ್ಡ ತಲೆನೋವು. ಅತ್ತೆ ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿಯುತ್ತಾರೆ. ಚಮಚದಲ್ಲಿ ಅಳೆದು ಹಾಕಿ ಅಂದರೆ, "ಅಳದ್ ಅಳದ್ ಹಾಕಾಕ ಇದೇನ್ ಕಾಲೇಜ್ ಲ್ಯಾಬ್ ಏನು?" ಅಂದರು. ತಪ್ಪಿಲ್ಲ. ನಾಲ್ಕು ಜನರ ಅಡಿಗೆಯನ್ನು ಬೆಳಗ್ಗೆ ಎಂಟರೊಳಗೆ ಮುಗಿಸುವ ಹೆಣ್ಣುಮಗಳಿಗೆ ಚಮಚ ಹಿಡಿದು ನಿಲ್ಲು ಅನ್ನುವುದು ನ್ಯಾಯವಲ್ಲ. ಅದಕ್ಕೆ ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆಗೆದೆ. ಐದು ಲೀಟರ್ ಎಣ್ಣೆ ಕ್ಯಾನ್ ಯಾವ ಯಾವ ತಾರೀಖಿಗೆ ಬಂದಿದೆ ಎಂದು ನೋಡಿದರೆ, ಸರಾಸರಿ 28 ದಿನಕ್ಕೆ ಒಂದು. ಐದು ಲೀಟರ್ ಎಣ್ಣೆ ಸುಮಾರು 4,550 ಗ್ರಾಂ ತೂಗುತ್ತದೆ. ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ನಾಲ್ಕು ಜನ, 28 ದಿನ. ಭಾಗಿಸಿದರೆ ತಲೆಗೆ ದಿನಕ್ಕೆ 365. ಎರಡು ರೊಟ್ಟಿಗಿಂತ ಜಾಸ್ತಿ! ಅದೂ ಯಾರ ತಾಟಿನಲ್ಲೂ ಎಣ್ಣೆ ಅಂತ ಕಾಣದೇ.

ಇದು ಮಾಮಾನಿಗೆ ತಕ್ಷಣ ಹೊಳೆಯಿತು. "ಹಮಾಲಿ ಇದ್ದಂಗ ಬಿಡು. ಮಾಲ್ ಬಂದ್ ಕೂಡ್ಲೆ ಮೊದಲ ಹಿಡದ್ ಬಿಡೋದು." ಅಂದರೆ ದಿನದ ಲೆಕ್ಕ ಶುರುವಾಗುವ ಮೊದಲೇ ಎಣ್ಣೆಯ ಖರ್ಚು ತೆಗೆದಿಡುವುದು. ಆಮೇಲೆ ಪಲ್ಯಕ್ಕೆ ಎಷ್ಟು ಎಣ್ಣೆ, ಸಾರಿಗೆ ಎಷ್ಟು ಎಂಬ ಪಂಚಾಯಿತಿ ಇಲ್ಲ. ಸೊಪ್ಪು, ಕಾಯಿಪಲ್ಯ ಲೆಕ್ಕಕ್ಕೇ ಬೇಡ, ಕಾಳು ಇದ್ದರೆ ಮಾತ್ರ ಬರೆಯುವುದು. ಇಡೀ ಪ್ರಕರಣದಲ್ಲಿ ಕೆಲಸವನ್ನು ಅತಿ ಹಗುರ ಮಾಡಿದ್ದು ಇದೇ ಎಂದು ನನಗೆ ಅನ್ನಿಸುತ್ತದೆ.

ಅಜ್ಜಿಯ ರೂಪಾಯಿ

ಎಷ್ಟು ತಿನ್ನಬೇಕು ಅನ್ನುವುದಕ್ಕೆ ಮಿಫ್ಲಿನ್-ಸೇಂಟ್ ಜೋರ್ ಎಂಬ ಸೂತ್ರ ಇದೆ, 1990ರದ್ದು. ಗಂಡಸರಾದರೆ ತೂಕದ ಹತ್ತು ಪಟ್ಟು, ಎತ್ತರದ 6.25 ಪಟ್ಟು ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆದು, 5 ಸೇರಿಸುವುದು. ಮಾಮಾನಿಗೆ 1,637 ಬಂತು. ಸುಮ್ನೆ ಮಲಗಿದ್ದರೂ ಮೈ ಇಷ್ಟನ್ನು ಸುಡುತ್ತದೆ. ಕೂತು ಮಾಡುವ ಕೆಲಸದವರಿಗೆ ಅದರ 1.2 ಪಟ್ಟು, ಅಂದರೆ 1,964. ಇದಕ್ಕಿಂತ ಕಡಿಮೆ ತಿಂದರೆ ಇಳಿಯಬೇಕು. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. 1,600ಕ್ಕೆ ನಿಲ್ಲಿಸಿದರೆ ಮೂರು ವಾರಕ್ಕೆ ಒಂದು ಕೆಜಿ. ನಿಧಾನ ಅನಿಸುತ್ತದೆ. ಮಾಮಾನಿಗೂ ಅನಿಸಿತು, ಸಾವಿರಕ್ಕೆ ಇಳಿಸು ಅಂದರು. ಡಾಕ್ಟರನ್ನು ಕೇಳಿದೆವು, ಬೇಡ ಅಂದರು.

ನಾವು ಹೀಗೆ ಹದಿನಾರು ನೂರು, ಹದಿನಾರು ನೂರು ಅಂತ ಮಾತಾಡುವಾಗ ಅಜ್ಜಿ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ತಲೆ ಎತ್ತದೇ, "ಹದಿನಾರು ಅಂದ್ರ ಒಂದ್ ರೂಪಾಯಿ ಅಲ್ಲೇನ?" ಅಂದರು.

ಮಾಮಾ ನಕ್ಕರು. ನಾನು ಪೆನ್ನು ಕೆಳಗಿಟ್ಟೆ. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರಲ್ಲಿ. ಮಾಮಾ ಹುಟ್ಟುವ ಎಷ್ಟೋ ಮೊದಲಿನ ಮಾತು. ಆದರೂ ಪೇಟೆಯ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಇನ್ನೂ ಇದೆ, ಬೆಳೆ ಎಷ್ಟು ಬಂದಿದೆ ಎಂದು ಅಂದಾಜಿಸುವುದಕ್ಕೆ ಈಗಲೂ ಆಣೆವಾರಿ ಅಂತಲೇ ಅನ್ನುತ್ತಾರೆ. ನೂರು ಕ್ಯಾಲೊರಿಗೆ ಒಂದು ಆಣೆ. ದಿನಕ್ಕೆ ಒಂದು ರೂಪಾಯಿ. ರೊಟ್ಟಿ ಒಂದೂ ಮುಕ್ಕಾಲು ಆಣೆ. ಎಣ್ಣೆ ಮೂರೂವರೆ, ಮೊದಲೇ ಹಿಡಿದದ್ದು. ಸಣ್ಣ ಕಪ್ ಸಕ್ಕರೆ ಚಹಾ ಅರ್ಧಾಣೆ. ಒಂದು ಚಮಚ ಹಿಂಡಿ ಅರ್ಧಾಣೆ. ಅವಲಕ್ಕಿ ಒಂದು ತಾಟು ಎರಡಾಣೆ. ಕಾಲು ಆಣೆಗಿಂತ ಸಣ್ಣದು ಇದ್ದರೆ ಬರೆಯುವುದೇ ಬೇಡ. ದುರ್ಗದ ಬೈಲಿನ ಗಿರಮಿಟ್ಟು, ಮಿರ್ಚಿಯನ್ನು ತೂಗಲು ಆಗಲಿಲ್ಲ. ಕಡಲೆ ಹಿಟ್ಟು, ಅದು ಕುಡಿಯುವ ಎಣ್ಣೆ, ಚುರುಮುರಿ, ಪುಠಾಣಿ, ಮೇಲಿನ ಸೇವು ಎಲ್ಲ ಅಂದಾಜು ಹಾಕಿ ಮಿರ್ಚಿಗೆ ಒಂದೂವರೆ, ಗಿರಮಿಟ್ಟಿಗೆ ಮೂರು ಅಂತ ಹಿಡಿದೆವು. ಒಂದು ಪ್ಲೇಟ್ ಗಿರಮಿಟ್ಟು, ಎರಡು ಮಿರ್ಚಿ ಅಂದರೆ ಆರಾಣೆ. "ಊಟ ಮಾಡಿದಂಗ ಆತಲ್ಲವಾ!" ಅಂತ ಮಾಮಾ ಬೆರಗಾದರು.

ಬರೆಯಲು ಉದ್ದನೆಯ ಕೆಂಪು ಬಟ್ಟೆಯ ಪುಸ್ತಕ. ಅಂಗಡಿಯಲ್ಲಿ ಉಳಿದಿತ್ತು. ಎಡಕ್ಕೆ ಜಮಾ ಹದಿನಾರು, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು. ರಾತ್ರಿ ಅಂಗಡಿ ಕಿರ್ದಿ ಮುಗಿಸಿದ ಮೇಲೆ ಇದಕ್ಕೆ ಎರಡು ನಿಮಿಷ. ಆ್ಯಪ್‌ನಲ್ಲಿ ಊಟಕ್ಕೆ ಒಂದು ಸಲ ಫೋನ್ ತೆಗೆಯಬೇಕಿತ್ತು. ಇಲ್ಲಿ ದಿನಕ್ಕೆ ಒಂದೇ ಸಲ, ಅದೂ ಹೇಗೂ ಪೆನ್ನು ಕೈಯಲ್ಲಿ ಇರುವ ಹೊತ್ತಿನಲ್ಲಿ.

ಶಿಲ್ಕು ಕೂಡಲಿಲ್ಲ

ಎರಡು ವಾರ ಪುಸ್ತಕ ಅಚ್ಚುಕಟ್ಟಾಗಿ ನಡೆಯಿತು. ಒಂದು ದಿನ ಹದಿನೈದೂವರೆ, ಒಂದು ದಿನ ಹದಿನಾರು, ಒಂದೆರಡು ದಿನ ಹದಿನಾರೂವರೆ. ಐದು ಚಹಾ ಮೂರಕ್ಕೆ ಬಂದಿತ್ತು. ರಾತ್ರಿ ಅನ್ನ ಅರ್ಧ ಆಗಿತ್ತು. ಸೋಮವಾರ ಬೆಳಗ್ಗೆ ತೂಕ ನೋಡಿದರೆ 84.0.

ತೂಕ ದಿನಾ ಒಂದು ಕೆಜಿ ಆಚೆ ಈಚೆ ಆಗುತ್ತದೆ, ಉಪ್ಪು, ನೀರು, ಹಿಂದಿನ ದಿನದ ಊಟ ಎಲ್ಲ ಸೇರಿ. ಒಂದು ವಾರ ಇಳಿಯದಿದ್ದರೆ ತಲೆ ಕೆಡಿಸಿಕೊಳ್ಳಬಾರದು. ಆದರೆ ಎರಡು ವಾರ? ನಾನು ಸೂತ್ರವನ್ನು ಅನುಮಾನಿಸಿದೆ. ಮಾಮಾ ಅನುಮಾನಿಸಲಿಲ್ಲ. "ಪುಸ್ತಕ ಒಂದ್ ಹೇಳ್ತೈತಿ, ಗೋದಾಮು ಒಂದ್ ಹೇಳ್ತೈತಿ ಅಂದ್ರ ಕಳವು ಆಗೇತಿ" ಅಂದರು. ಕಳ್ಳ ಯಾರು ಅನ್ನುವುದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಹಿಡಿದದ್ದು ಅತ್ತೆ. ಬುಧವಾರ ಬಟ್ಟೆ ಮಷೀನಿಗೆ ಹಾಕುವಾಗ ಮಾಮಾನ ಬಿಳಿ ಅಂಗಿಯ ಕಿಸೆ ತಿರುವಿದರು. ಕಿಸೆಯ ಮೂಲೆಯಲ್ಲಿ ಕೆಂಪು ಪೊರೆ, ಶೇಂಗಾ ಕಾಳಿನ ಮೇಲಿರುತ್ತದಲ್ಲ ಆ ತೆಳು ಸಿಪ್ಪೆ, ಚೂರು ಚೂರಾಗಿ ಹೊಲಿಗೆಗೆ ಅಂಟಿಕೊಂಡಿತ್ತು. ಜೊತೆಗೆ ಅರ್ಧ ಕಾಳು. ಇನ್ನೊಂದು ಅಂಗಿ ತೆಗೆದರೆ ಅದರಲ್ಲೂ ಅಷ್ಟೇ. ಅಂಗೈ ಮೇಲೆ ಹಾಕಿಕೊಂಡು ಪಡಸಾಲೆಗೆ ಬಂದು ಮಾಮಾನ ಮುಂದೆ ಹಿಡಿದರು, ಏನೂ ಅನ್ನಲಿಲ್ಲ.

ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಮುಂಗಾರಿ ಶೇಂಗಾ ಪೇಟೆಗೆ ಬರುವ ಕಾಲ. ಚೀಲ ಬಿಚ್ಚಿದ ಕೂಡಲೇ ದಲಾಲಿ ಕೈ ಹಾಕಿ ನಾಲ್ಕು ಕಾಯಿ ಒಡೆಯುತ್ತಾನೆ. ಕಾಳು ತುಂಬಿದೆಯಾ, ಹಸಿ ಇದೆಯಾ, ಕಹಿ ಇದೆಯಾ. ಒಂದನ್ನು ಬಾಯಿಗೆ ಹಾಕುತ್ತಾನೆ. ಉಳಿದದ್ದು ಕಿಸೆಗೆ. ಅದು ಸಂಜೆಯವರೆಗೆ ಮಾತಿನ ನಡುವೆ ಖಾಲಿ ಆಗುತ್ತದೆ, ಮತ್ತೆ ತುಂಬುತ್ತದೆ.

"ಇದನ್ನ ಬರದಿಲ್ಲಲ್ಲ ಮಾಮಾ?"

"ಏ, ಅದ್ ತಿನ್ನೋದಲ್ಲವಾ. ಮಾಲ್ ನೋಡೋದು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅದು ನಿಜಕ್ಕೂ ಕೆಲಸ. ಇದು ಮಾಮಾನ ಒಬ್ಬರ ಕಥೆಯೂ ಅಲ್ಲ. 1992ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದ್ದರು. ಅವರು ತಿಂದದ್ದಕ್ಕಿಂತ ಸರಾಸರಿ 47 ಶೇಕಡಾ ಕಡಿಮೆ ಬರೆದಿದ್ದರು. ಮಾಡಿದ ವ್ಯಾಯಾಮವನ್ನು 51 ಶೇಕಡಾ ಜಾಸ್ತಿ ಬರೆದಿದ್ದರು.

ಮಾಮಾನ ಒಂದು ಹಿಡಿ ಕಾಳು ತೂಗಿದೆವು. 34 ಗ್ರಾಂ. ಶೇಂಗಾ 100 ಗ್ರಾಂಗೆ 567 ಕ್ಯಾಲೊರಿ, ಅಂದರೆ ಹಿಡಿಗೆ ಹತ್ತಿರ ಹತ್ತಿರ ಎರಡಾಣೆ. ದಿನಕ್ಕೆ ಎಷ್ಟು ಹಿಡಿ? ಒಂದು ಅಂದರು ಮಾಮಾ. ಅಂಗಡಿಯ ಹುಡುಗನಿಗೆ ಗುಟ್ಟಾಗಿ ಎಣಿಸಲು ಹೇಳಿದ್ದೆ. ಮೂರು ದಿನದ ಲೆಕ್ಕವನ್ನು ಅವನು ತೂಕದ ಚೀಟಿಯ ಹಿಂದೆ ಗೀಟು ಹಾಕಿ ತಂದ: ಎರಡು, ಮೂರು, ಎರಡು. ಸರಾಸರಿ ನಾಲ್ಕೂವರೆ ಆಣೆ. ಪುಸ್ತಕದ ಹದಿನಾರಕ್ಕೆ ಇದನ್ನು ಸೇರಿಸಿದರೆ ಇಪ್ಪತ್ತೂವರೆ. ಮೈ ಸುಡುವುದು ಇಪ್ಪತ್ತಕ್ಕೆ ಸ್ವಲ್ಪ ಕಮ್ಮಿ. ತೂಕ ಯಾಕೆ ಅಲ್ಲೇ ನಿಂತಿತ್ತು ಅಂತ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಪ್ರತಿ ವರ್ಷ ದೀಪಾವಳಿಗೆ ಹೊಸ ಅಂಗಿ ಬಿಗಿ ಆಗುವುದು ಹೋಳಿಗೆಯಿಂದ ಅಂತ ಮನೆಯವರೆಲ್ಲ ನಂಬಿದ್ದೆವು. ಹೋಳಿಗೆ ಪಾಪ ಎರಡು ದಿನದ್ದು.

ಶೇಂಗಾ ಬಿಡಿಸಲಿಲ್ಲ. ಈಗ ಬೆಳಗ್ಗೆ ಅಂಗಡಿಗೆ ಹೋದ ಕೂಡಲೇ ಒಂದು ಹಿಡಿ ಸ್ಟೀಲಿನ ವಾಟಿಗೆ ಹಾಕಿಕೊಳ್ಳುತ್ತಾರೆ, ಎರಡಾಣೆ ಆಗಲೇ ಖರ್ಚಿಗೆ ಬೀಳುತ್ತದೆ. ಮಾಲು ನೋಡುವಾಗ ಕಚ್ಚಿ ನೋಡಿದ ಕಾಳು ಕಾಗದಕ್ಕೆ ಉಗುಳುತ್ತಾರೆ. ಅತ್ತೆ ಕಿಸೆಗೆ ಗುಂಡಿ ಹಚ್ಚಿದ್ದಾರೆ.

ಉದ್ರಿ

ನಾಲ್ಕು ವಾರದಲ್ಲಿ 82.7ಕ್ಕೆ ಬಂತು. ಆಮೇಲೆ ದೀಪಾವಳಿ. ಅಂಗಡಿಯಲ್ಲಿ ಲಕ್ಷ್ಮೀ ಪೂಜೆ, ಬಂದವರೆಲ್ಲ ಧಾರವಾಡ ಪೇಡೆಯ ಡಬ್ಬಿ ಹಿಡಿದು ಬರುವವರು. ಮನೆಯಲ್ಲಿ ಹೋಳಿಗೆ, ತುಪ್ಪ, ಕರ್ಚಿಕಾಯಿ. ನಾಲ್ಕು ದಿನ ಪುಸ್ತಕದಲ್ಲಿ ಬರೀ ಅರಿಷಿಣ ಕುಂಕುಮ. ಐದನೇ ದಿನ ತೂಕ 83.6. ಅದರಲ್ಲಿ ಹೆಚ್ಚಿನದು ನೀರು ಅಂತ ಹೇಳಿದೆ, ಕೇಳಲಿಲ್ಲ. ತಿಂದದ್ದು ಉದ್ರಿ, ತೀರಿಸಬೇಕು ಅಂತ ಮಾಮಾ ಒಂದು ದಿನ ಬೆಳಗ್ಗೆಯಿಂದ ಒಂದೇ ರೊಟ್ಟಿಯ ಮೇಲೆ ಇದ್ದರು. ಸಂಜೆ ಐದಕ್ಕೆ ಹರಾಜಿನ ನಡುವೆ ಕಣ್ಣು ಕತ್ತಲೆ ಬಂದು ಚೀಲದ ಮೇಲೆ ಕೂತರು. ಆರೂವರೆಗೆ ದುರ್ಗದ ಬೈಲಿನಲ್ಲಿ ನಾಲ್ಕು ಮಿರ್ಚಿ ತಿಂದರು. ಇದನ್ನು ಅವರೇ ಪುಸ್ತಕದಲ್ಲಿ ಬರೆದಿದ್ದಾರೆ, ಕೆಂಪು ಶಾಯಿಯಲ್ಲಿ.

ಅವತ್ತಿನಿಂದ ಈ ಪುಸ್ತಕದಲ್ಲಿ ಉದ್ರಿ ಇಲ್ಲ, ಮುಂಗಡವೂ ಇಲ್ಲ. ಪ್ರತಿ ದಿನ ಹದಿನಾರಾಣೆಯಿಂದಲೇ ಶುರು. ಹತ್ತು ದಿನದಲ್ಲಿ ತೂಕ ತಾನಾಗಿ 82.2ಕ್ಕೆ ಇಳಿಯಿತು.

ಇಷ್ಟರಲ್ಲಿ ಅತ್ತೆ ತಮಗೂ ಒಂದು ಕಾಲಂ ಹಾಕಿಸಿಕೊಂಡರು. ವಯಸ್ಸು 48, ತೂಕ 62, ಎತ್ತರ 154. ಹೆಂಗಸರ ಸೂತ್ರದಲ್ಲಿ ಕೊನೆಗೆ 5 ಸೇರಿಸುವ ಬದಲು 161 ಕಳೆಯಬೇಕು. 1,181 ಬಂತು. ಅವರು ಕೂತವರಲ್ಲ, ದಿನವಿಡೀ ಓಡಾಟ, ಅದಕ್ಕೆ 1.375ರಿಂದ ಗುಣಿಸಿದೆ. ಸುಮಾರು 1,620. ಸ್ವಲ್ಪ ಇಳಿಸಬೇಕೆಂದರೆ ಹದಿಮೂರಾಣೆ.

"ಗಾದಿ ಮ್ಯಾಲ ಕುಂತವರಿಗೆ ಹದಿನಾರು, ನಿಂತು ರೊಟ್ಟಿ ಬಡದಾಕಿಗೆ ಹದಿಮೂರು. ಚೊಲೋ ಐತಿ ನಿಮ್ಮ ಗಣಿತ."

ಮೈ ಸಣ್ಣದಿದ್ದರೆ ಸುಡುವುದೂ ಕಮ್ಮಿ ಅಂತ ವಿವರಿಸಿದೆ. ಉತ್ತರ ಸರಿ ಇದ್ದರೂ ಪ್ರಶ್ನೆ ಇನ್ನೂ ಸರಿಯಾಗಿತ್ತು. ಅತ್ತೆ ಎರಡು ವಾರ ಬರೆದು ಬಿಟ್ಟುಬಿಟ್ಟರು. ಆದರೆ ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಮೊಳೆ ಕಾಯಿಸಿ ಎರಡು ತೂತು ಮಾಡಿದರು, ಸುರಿಯುವುದು ಹೋಗಿ ಚಿಮುಕಿಸುವುದು ಆಯಿತು. ಮುಂದಿನ ಕ್ಯಾನ್ 37 ದಿನ ಬಂತು. ತಲೆಗೆ ಮೂರೂವರೆ ಇದ್ದದ್ದು ಎರಡೂ ಮುಕ್ಕಾಲು. ಮುಕ್ಕಾಲು ಆಣೆ ನಾಲ್ಕೂ ಜನಕ್ಕೆ ಉಳಿಯಿತು, ಪುಸ್ತಕ ಮುಟ್ಟದವರಿಗೂ. ರುಚಿ ಕೆಟ್ಟಿತು ಅಂತ ಮಗ ಮಾತ್ರ ಒಂದು ವಾರ ಗೊಣಗಿದ.

ಮದುವೆ ಊಟಕ್ಕೆ ನಮ್ಮ ಬಳಿ ಉತ್ತರ ಇಲ್ಲ. ಖಾನಾವಳಿಯಲ್ಲಿ ರೊಟ್ಟಿ ತೆಳು, ಪಲ್ಯದ ಮೇಲೆ ಎಣ್ಣೆ ತೇಲುತ್ತದೆ. ಮನೆಯ ದರವನ್ನೇ ಹಾಕಿ ಮೇಲೆ ಎರಡಾಣೆ ಸೇರಿಸುತ್ತಾರೆ. ಸರಿಯೋ ತಪ್ಪೋ, ವಾರಕ್ಕೆ ಒಂದು ದಿನದ ಮಾತು. ಸಕ್ಕರೆಗೆ ಆಗಲೇ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಈ ರೂಪಾಯಿ ಲೆಕ್ಕವನ್ನು ಡಾಕ್ಟರಿಗೆ ತೋರಿಸದೇ ಶುರು ಮಾಡಬಾರದು. ಊಟ ಕಮ್ಮಿ ಆಗಿ ಔಷಧಿ ಅಷ್ಟೇ ಇದ್ದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು.

ಸಂಕ್ರಾಂತಿಯ ಬೆಳಗ್ಗೆ 79.8, ಸುತ್ತಳತೆ 96. ಅವತ್ತಿನ ಪುಟದಲ್ಲಿ ಸಜ್ಜಿ ರೊಟ್ಟಿ ಎರಡು, ಶೇಂಗಾ ಹೋಳಿಗೆ ಒಂದು, ಮುಂದೆ ಮಾಮಾ ದರ ಬರೆಯದೇ ಜಾಗ ಬಿಟ್ಟಿದ್ದರು. ಅಜ್ಜಿ ಕೇಳಿ ತಿಳಿದುಕೊಂಡು, ನಡುಗುವ ಕೈಯಲ್ಲಿ "ಹಬ್ಬ" ಅಂತ ಬರೆದಿದ್ದಾರೆ.

ಈಗ ದಿನಾ ಬರೆಯುವುದಿಲ್ಲ. ರೊಟ್ಟಿ, ಚಹಾ, ಅನ್ನದ ದರ ಬಾಯಿಪಾಠ ಆಗಿದೆ. ಬುಧವಾರ, ಶನಿವಾರ ಎರಡು ದಿನ ಮಾತ್ರ ಪುಸ್ತಕ ತೆಗೆಯುತ್ತಾರೆ, ಸೋಮವಾರ ತೂಕ. ಕಳೆದ ಸೋಮವಾರ 79.4 ಇತ್ತು. ಬೇಸಿಗೆ ಶೇಂಗಾ ಇನ್ನು ಸ್ವಲ್ಪ ದಿನದಲ್ಲಿ ಪೇಟೆಗೆ ಬರುತ್ತದೆ, ಅಂಗಡಿಯ ಹುಡುಗ ಈಗಲೇ ಚೀಟಿ ತೆಗೆದಿಟ್ಟಿದ್ದಾನಂತೆ.